‘ಬಹುದು’ ಮೇಲೆ ಹಲ್ಲು ಮಸೆಯುವ ಮೇಡಂ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯಗಳ ಕಟ್ಟಡದ ಹಿಂಬಾಗಿಲು ತೆಗೆಯುತ್ತಲೇ ಕಾವಲುಗಾರ ಗೊಣಗುತ್ತಾರೆ, “ಏನ್ ಮೇಡಂ, ನಿಮಗೆ ಮನೇಲಿ ನಿದ್ದೇನೇ ಬರಲ್ವಾ?” ಮೇಡಂ ಆಗಲೇ ಒಳಗೆ ಕಾಲಿಟ್ಟಿದ್ದಾರೆ. ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದು ಕೈಯಲ್ಲಿ ಚಪ್ಪಲಿ. ಈಗಷ್ಟೇ ನೆಲ ಒರೆಸಿದ್ದಾರೆ. ಅದರ ಮೇಲೆ ಚಪ್ಪಲಿ ಹಾಕಿಕೊಂಡು ನಡೆದರೆ ಒರೆಸಿದಾಕೆ ಬಿಡುವುದುಂಟೇ? ಹಿಂದೊಮ್ಮೆ ಚೆನ್ನಾಗಿ ಬೈಸಿಕೊಂಡಿದ್ದಾರಂತೆ. ಹಾಗಾಗಿ ವಿಶ್ವವಿದ್ಯಾಲಯದ ಮಾನವ ಸಂಪನ್ಮೂಲ ವಿಭಾಗದ ಉಪ ಅಧಿಕಾರಿ ಕಳ್ಳಬೆಕ್ಕಿನ ಹಾಗೆ ಬರಿಗಾಲಲ್ಲಿ ಕಾರಿಡಾರು ದಾಟುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನೂ ಚಪ್ಪಲಿ ಕೈಗೆತ್ತಿಕೊಂಡು ಹಿಂಬಾಲಿಸುತ್ತೇನೆ.

ಇಷ್ಟು ಹೊತ್ತಿಗೇ ಯಾಕೆ ಬರುತ್ತಾರೆ? ಕೇಳಿದ್ದೇ ತಪ್ಪಾಯಿತು. “ಮತ್ತೆ ಯಾವಾಗ ಬರ್ಲಿ? ಹತ್ತು ಗಂಟೆ ಆದ್ರೆ ಗೈಡುಗಳು ಬರ್ತಾರೆ. ಗೈಡು ಎದುರಿಗಿದ್ರೆ ಯಾವ ಸಂಶೋಧಕನೂ ಬಾಯಿ ಬಿಡಲ್ಲ. ‘ಎಲ್ಲ ಚೆನ್ನಾಗಿದೆ ಮೇಡಂ’ ಅಂತಾನೆ, ಕಣ್ಣು ನೋಡಿದ್ರೆ ಮೂರು ದಿನದಿಂದ ನಿದ್ದೆ ಮಾಡಿರಲ್ಲ. ನನ್ನ ಆಫೀಸಿಗೆ ಕರೆಸಿದ್ರೆ ಅವನು ಬಂದು ಕೂರೋಕೆ ಮುಂಚೆ ಗೈಡಿಗೆ ಸುದ್ದಿ ಹೋಗಿರುತ್ತೆ. ಈಗ ನೋಡಿ, ಇಡೀ ಕಟ್ಟಡದಲ್ಲಿ ಎದ್ದಿರೋದು ಸಂಶೋಧಕರು, ಅವರ ಯಂತ್ರಗಳು, ನಾನು.”

ಇವರನ್ನು ಇಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ತಕ್ಕದ್ದು ಮೇಡಂ’ ಎಂದರೆ ಮಾತ್ರ ಎಲ್ಲರಿಗೂ ಗೊತ್ತು. ಎದುರಿಗೆ ಮೇಡಂ, ಬೆನ್ನ ಹಿಂದೆ ‘ತಕ್ಕದ್ದು ಬಂತು, ತಕ್ಕದ್ದು ಹೋಯ್ತು’. ನಿಯಮಗಳ ಪುಸ್ತಕ ಓದಿದವರಿಗೆ ಗುಟ್ಟು ತಿಳಿದಿರುತ್ತದೆ. ಸಂಸ್ಥೆಗೆ ಮಾಡಲೇಬೇಕು ಅನ್ನಿಸಿದ್ದನ್ನು ‘ಮಾಡತಕ್ಕದ್ದು’ ಎಂದು ಬರೆಯುತ್ತಾರೆ. ಮಾಡುವ ಮನಸ್ಸಿಲ್ಲದ್ದನ್ನು, ಆದರೆ ಇಲ್ಲ ಎಂದರೆ ಚೆನ್ನಾಗಿರುವುದಿಲ್ಲ ಅನ್ನಿಸಿದ್ದನ್ನು, ‘ಮಾಡಬಹುದು’ ಎಂದು ಬರೆಯುತ್ತಾರೆ. ಸಂಶೋಧಕರು ಹಾಜರಿರತಕ್ಕದ್ದು. ಸಂಶೋಧಕರು ವರದಿ ಸಲ್ಲಿಸತಕ್ಕದ್ದು. ಸಂಶೋಧಕರಿಗೆ ರಜೆ ನೀಡಬಹುದು. ಕುರ್ಚಿ ಒದಗಿಸಬಹುದು. ದೂರಿದ್ದಲ್ಲಿ ಆಲಿಸಬಹುದು.

“ಬಹುದು ಅಂದ್ರೆ ಏನು ಗೊತ್ತಾ? ಇಲ್ಲ ಅಂತ. ಮರ್ಯಾದೆಯಾಗಿ ಹೇಳಿದ ಇಲ್ಲ. ನಾನು ಸಂಬಳ ತಗೊಳೋದು ಆ ಒಂದು ಪದಾನ ಹೊಡೆದು ಹಾಕೋಕೆ. ಇದುವರೆಗೂ ಎಷ್ಟು ಹೊಡೆದಿದ್ದೀನಿ ಅಂತ ಕೇಳ್ಬೇಡಿ, ಹೊಟ್ಟೆ ಉರಿಯುತ್ತೆ.”

ನಾವು ಬಂದು ನಿಲ್ಲುವುದು ಪಾಚಿ ಬೆಳೆಸುವ ಕೋಣೆಯಲ್ಲಿ. ಗೋಡೆಯುದ್ದಕ್ಕೂ ಗಾಜಿನ ಟ್ಯಾಂಕುಗಳು. ಒಳಗೆ ಹಸಿರು ನೀರು ಗುಳುಗುಳು ಎನ್ನುತ್ತಿರುತ್ತದೆ. ಇಲ್ಲಿ ಕೆಲಸ ಮಾಡುವ ಸಂಶೋಧಕಿಗೆ ಇಡೀ ಕಟ್ಟಡ ಇಟ್ಟಿರುವ ಹೆಸರು ‘ಪಾಚಿ ಹುಡುಗಿ’. ಹುಡುಗಿಯ ವಯಸ್ಸು ಮೂವತ್ತನಾಲ್ಕು. ಡಾಕ್ಟರೇಟ್ ಮುಗಿದು ಎಷ್ಟೋ ವರ್ಷವಾಗಿದೆ. ಬೈತಲೆಯ ಪಕ್ಕ ನಾಲ್ಕು ಬಿಳಿಕೂದಲು. ಈಗ ಏಳು ತಿಂಗಳ ಗರ್ಭಿಣಿ. ಆದರೇನಂತೆ, ಗೈಡಿನ ಬಾಯಲ್ಲಿ ಇವರೆಲ್ಲ ‘ನಮ್ಮ ಹುಡುಗರು’. ನಲವತ್ತು ದಾಟಿ, ಮಗಳನ್ನು ಕಾಲೇಜಿಗೆ ಸೇರಿಸಿದವರೂ ‘ನಮ್ಮ ಹುಡುಗ’ನೇ. ಹುಡುಗರಿಗೆ ರಜೆ ಯಾಕೆ? ಹುಡುಗರಿಗೆ ಸೊಂಟ ನೋಯುತ್ತದೆಯೇ?

ಪಾಚಿ ಹುಡುಗಿಯ ಸಂಕಟ ಇಷ್ಟು. ಹೆರಿಗೆಯಾದ ಬೆನ್ನಲ್ಲೇ ಅವಳ ಒಪ್ಪಂದ ಮುಗಿಯುತ್ತದೆ. ರಜೆಯಲ್ಲಿರುವಾಗಲೇ ಒಪ್ಪಂದ ಮುಗಿದರೆ ಅದು ‘ಸೇವೆಯಲ್ಲಿ ಬಿಡುವು’. ಬಿಡುವು ಬಿದ್ದರೆ ಮತ್ತೆ ಹೊಸಬಳ ಹಾಗೆ ಅರ್ಜಿ ಹಾಕಿ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಟ್ಯಾಂಕುಗಳು ಬೇರೆಯವರ ಪಾಲು. ಅವಳು ಒಂದೊಂದೇ ಪೀಳಿಗೆ ಆರಿಸಿ, ಕೊಳಚೆ ನೀರಿನಲ್ಲೂ ಬದುಕುವಂತೆ ಬೆಳೆಸಿರುವ ಪಾಚಿಯೂ ಅವರದೇ. ಇದಕ್ಕೆ ನಿಯಮ ಇಲ್ಲವೇ? ಉಂಟು. ‘ಮಾರ್ಗದರ್ಶಕರು ಒಪ್ಪಿದಲ್ಲಿ ರಜೆಯ ಅವಧಿಯಷ್ಟು ಒಪ್ಪಂದವನ್ನು ವಿಸ್ತರಿಸಬಹುದು.’

“ಗೈಡ್ ಸರ್‌ಗೆ ಹೇಳ್ದೆ,” ಎನ್ನುತ್ತಾಳೆ ಅವಳು, ಟ್ಯಾಂಕಿನ ಕೊಳವೆ ಸರಿಪಡಿಸುತ್ತ. “‘ತುಂಬ ಸಂತೋಷ ಕಣಮ್ಮ’ ಅಂದ್ರು. ಆಮೇಲೆ, ‘ಸರಿ, ನಿನ್ನ ಟ್ಯಾಂಕು ಯಾರು ನೋಡ್ತಾರೆ?’ ಅಂದ್ರು. ನಾನೇನು ಹೇಳ್ಲಿ? ಪಾಚಿಗೆ ಗೊತ್ತಾಗಲ್ವಲ್ಲ ನಂಗೆ ಹೆರಿಗೆ ಅಂತ. ಅದು ಬೆಳೀತಾನೇ ಇರುತ್ತೆ.”

“ಅವರಿಗೆ ಇನ್ನೊಂದು ಸಲ ಕೇಳಿದ್ರಾ?” ಮೇಡಂ ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೂತು ಚಹಾ ಬಗ್ಗಿಸುತ್ತಾರೆ.

“ಕೇಳಿದ್ರೆ ಬೇಜಾರು ಮಾಡ್ಕೋತಾರೆ ಮೇಡಂ.”

“ಅವರು ಬೇಜಾರು ಮಾಡ್ಕೊಳ್ಳಲಿ ರೀ! ಬೇಜಾರಿಂದ ಯಾರೂ ಸತ್ತಿಲ್ಲ.”

ಹೀಗೆ ದಿನಾ ಒಂದೊಂದು ಕೋಣೆ. ರಾತ್ರಿಯೆಲ್ಲ ಯಂತ್ರ ಕಾದವನ ಬೆನ್ನು ನೋವು, ತನ್ನ ಲೇಖನದಲ್ಲಿ ತನ್ನದೇ ಹೆಸರು ಬಿಟ್ಟುಹೋದವಳ ಕಣ್ಣೀರು. ಎಲ್ಲ ಕೇಳಿಸಿಕೊಂಡು, ಗೈಡುಗಳ ಕಾರುಗಳು ಬರುವ ಮೊದಲೇ ಮೇಡಂ ತಮ್ಮ ಕೋಣೆ ಸೇರುತ್ತಾರೆ.

ಆ ಕೋಣೆಯನ್ನೊಮ್ಮೆ ನೋಡಬೇಕು. ಆಡಳಿತ ಕಟ್ಟಡದ ನೆಲಮಾಳಿಗೆ, ಗೋಡೆಯಾಚೆ ನೀರೆತ್ತುವ ಮೋಟಾರು. ಅದು ಶುರುವಾದರೆ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕು. ಮೊದಲು ಎರಡನೇ ಮಹಡಿಯಲ್ಲಿ ಕಿಟಕಿಯಿದ್ದ ಕೋಣೆ ಇತ್ತಂತೆ. ಒಂದು ಸಭೆಯಲ್ಲಿ, ಸಂಶೋಧಕರ ದೂರನ್ನು ಅವರ ಗೈಡೇ ವಿಚಾರಿಸುವುದು ಯಾವ ಸೀಮೆ ನ್ಯಾಯ ಎಂದು ಕೇಳಿದರು. ಮರುವಾರವೇ ಕಿಟಕಿ ಹೋಯಿತು. “ಸ್ಥಳದ ಅಭಾವ ಅಂದ್ರು. ನನ್ನ ಹಳೇ ಕೋಣೇಲಿ ಈಗ ಮುರಿದ ಕುರ್ಚಿಗಳಿವೆ.”

ಕುರ್ಚಿಗಳ ವಿಷಯ ಬಂದರೆ ಅವರಿಗೆ ಇನ್ನಷ್ಟು ಸಿಟ್ಟು. ಅವರು ಇಲ್ಲಿಗೆ ಸೇರಿದ್ದು ಪೀಠೋಪಕರಣ ವಿಭಾಗದ ಗುಮಾಸ್ತೆಯಾಗಿ. “ಕುರ್ಚಿ ಎಷ್ಟು ವರ್ಷ ಬಾಳಬೇಕು, ಯಾವಾಗ ರಿಪೇರಿ ಮಾಡ್ಬೇಕು, ಎಲ್ಲದಕ್ಕೂ ನಿಯಮ ಇತ್ತು. ಎಲ್ಲಾ ತಕ್ಕದ್ದೇ! ಕುರ್ಚಿ ಮೇಲೆ ಕೂತವರಿಗೆ ಏನಿದೆ ಅಂತ ಹುಡುಕಿದೆ. ಸಂಶೋಧಕರು ಯಾವ ಅಧ್ಯಾಯದಲ್ಲಿ ಸಿಕ್ಕಿದ್ರು ಹೇಳಿ ನೋಡೋಣ?”

ಅವರೇ ನಿಯಮಗಳ ಪುಸ್ತಕ ತೆರೆದು ಬೆರಳಿಟ್ಟರು.

“ಇತರೆ!”

ಹೌದು, ‘ಇತರೆ’. ಅತಿಥಿಗೃಹ, ಈಜುಕೊಳ, ಕಳೆದು ಸಿಕ್ಕಿದ ವಸ್ತುಗಳು, ಸಂಶೋಧಕರು. ನಾನು ಕಣ್ಣಾರೆ ನೋಡಿದ್ದೇನೆ. ಪಾಠ ಮಾಡುವವರು ಸಿಬ್ಬಂದಿ, ಪಾಠ ಕೇಳುವವರು ವಿದ್ಯಾರ್ಥಿಗಳು. ಎರಡೂ ಅಲ್ಲದೆ ಹಗಲು ರಾತ್ರಿ ದುಡಿಯುವ ಇವರನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯದೆ ಈಜುಕೊಳದ ಪಕ್ಕಕ್ಕೆ ತಳ್ಳಿದ್ದಾರೆ. ಇದನ್ನು ಓದಿ ನನಗೇ ತಲೆಚಿಟ್ಟು ಹಿಡಿಯಿತು. ಇಷ್ಟು ವರ್ಷ ಇದರ ಜೊತೆ ಏಗಿದ ಈ ಹೆಂಗಸಿಗೆ ಇನ್ನೂ ರಕ್ತದೊತ್ತಡ ಬಂದಿಲ್ಲವೆಂದರೆ ಅದೇ ದೊಡ್ಡದು. (ಬಂದಿದೆಯಂತೆ. ಮಾತ್ರೆ ತೆಗೆದುಕೊಳ್ಳುತ್ತಾರೆ.)

ಆದರೆ ಇದೇ ವಿಶ್ವವಿದ್ಯಾಲಯದ ಮುಂಬಾಗಿಲಿಗೆ ಹೋಗಿ. ಅಮೃತಶಿಲೆಯ ಗೋಡೆ, ಅದರ ಮೇಲೆ ಚಿನ್ನದ ಅಂಚಿನ ಚೌಕಟ್ಟು, ಒಳಗೆ ಪ್ರಮಾಣಪತ್ರ: ‘ಸಂಶೋಧಕಸ್ನೇಹಿ ಸಂಸ್ಥೆ’. ದೂರದ ಯಾವುದೋ ಮಂಡಳಿ ಕೊಟ್ಟದ್ದು. ಸಂಶೋಧಕರನ್ನು ಹೀಗೆ ನೋಡಿಕೊಳ್ಳುತ್ತೇವೆ, ಹಾಗೆ ನೋಡಿಕೊಳ್ಳುತ್ತೇವೆ ಎಂದು ಬರೆದುಕೊಟ್ಟರೆ ಈ ಬಿರುದು ಸಿಗುತ್ತದೆ. ಬರೆದುಕೊಡುವುದಕ್ಕೇನು ಕಷ್ಟ? ಬಿರುದಿನ ಮುದ್ರೆ ಈಗ ಸಂಸ್ಥೆಯ ಎಲ್ಲ ಕಾಗದಗಳ ಮೇಲೂ ಇದೆ, ಚಹಾ ಬಟ್ಟಲಿನ ಮೇಲೂ ಇದೆ. ಸಂಶೋಧಕರ ಮೂಗಿಗೆ ತುಪ್ಪ ಸವರಿದ್ದಾಯಿತು, ಕೈತೊಳೆದುಕೊಂಡದ್ದಾಯಿತು. ಈಗ ಆ ಮಂಡಳಿಯವರು ನುಡಿದಂತೆ ನಡೆದಿದ್ದೀರಾ ಎಂದು ನೋಡಲು ಬರುತ್ತಿದ್ದಾರೆ. ಅದಕ್ಕೇ ಮೇಲಿನವರಿಗೆ ಒಮ್ಮೆಲೇ ನೆಲಮಾಳಿಗೆಯ ನೆನಪಾಗಿದೆ. ‘ಒಂದೆರಡು ಬದಲಾವಣೆ ಇದ್ದರೆ ಕೊಡಿ, ಸಭೆಗೆ ಇಡೋಣ’ ಎಂದಿದ್ದಾರೆ.

ಮೇಡಂ ಒಂದೇ ಒಂದು ಸಾಲು ಕೊಟ್ಟಿದ್ದಾರೆ: ಹೆರಿಗೆ ರಜೆಯ ಅವಧಿಯಷ್ಟು ಒಪ್ಪಂದವನ್ನು ವಿಸ್ತರಿಸತಕ್ಕದ್ದು. ‘ಮಾರ್ಗದರ್ಶಕರು ಒಪ್ಪಿದಲ್ಲಿ’ ಎಂಬುದಕ್ಕೆ ಕತ್ತರಿ. ಬೇರೆ ನೂರೆಂಟು ಕೊರತೆ ಇರುವಾಗ ಇದೊಂದೇ ಯಾಕೆ? “ಹೆಚ್ಚು ಕೊಟ್ರೆ ಅದರಲ್ಲಿ ಸುಲಭದ್ದು ಎರಡು ಆರಿಸ್ಕೋತಾರೆ, ಗೋಡೆಗೆ ಬಣ್ಣ, ಗಿಡಕ್ಕೆ ಕುಂಡ. ಒಂದೇ ಕೊಟ್ರೆ ಹೌದು ಅನ್ನಬೇಕು, ಇಲ್ಲ ಅನ್ನಬೇಕು. ಆ ಹೆಣ್ಣುಮಗಳ ದಿನ ತುಂಬ್ತಾ ಇದೆ ರೀ. ನಂಗೆ ಕುಂಡ ಕಟ್ಕೊಂಡು ಏನಾಗ್ಬೇಕು?”

ಅವರೇನು ಸೋಲೇ ಕಾಣದವರಲ್ಲ. ಎಡವಿದ್ದಾರೆ, ಅದೂ ಜೋರಾಗಿ. ಸಂಶೋಧಕರು ಮಿತಿಮೀರಿ ದುಡಿಯುತ್ತಿದ್ದಾರೆಂದು ತೋರಿಸಲು ಒಮ್ಮೆ ಎಲ್ಲ ಪ್ರಯೋಗಾಲಯಗಳ ಬಾಗಿಲಿಗೂ ಒಂದು ಹಾಳೆ ಅಂಟಿಸಿದರು. ಬಂದ ಹೊತ್ತು, ಹೋದ ಹೊತ್ತು ಬರೆಯಿರಿ ಎಂದರು. ರಾತ್ರಿಯವರೆಗೂ ಇರುವುದು ಕಂಡರೆ ಗೈಡುಗಳಿಗೆ ನಾಚಿಕೆಯಾದೀತು ಎಂಬ ಲೆಕ್ಕ. ನಾಚಿಕೆಯೇ? ಗೈಡುಗಳು ಬಂದ ಹೊತ್ತನ್ನು ಮಾತ್ರ ನೋಡಿದರು. ಹತ್ತು ನಿಮಿಷ ತಡವಾದವರನ್ನು ನಿಲ್ಲಿಸಿ ಕೇಳಿದರು. ನೊಂದವರ ಪರ ಹಚ್ಚಿದ ಹಾಳೆ ಒಂದೇ ವಾರದಲ್ಲಿ ಹಾಜರಿ ಪುಸ್ತಕವಾಯಿತು. ಸಂಶೋಧಕರು ತಿಂಗಳುಗಟ್ಟಲೆ ಮೇಡಂ ಜೊತೆ ಮಾತು ಬಿಟ್ಟರು.

“ಸರಿಯಾಗೇ ಮಾಡಿದ್ರು. ನಾನಾಗಿದ್ರೂ ಬಿಡ್ತಿದ್ದೆ. ಅವತ್ತು ಕಲಿತೆ, ಸಂಶೋಧಕರನ್ನ ಕೇಳದೆ ಅವರಿಗೆ ಒಳ್ಳೇದು ಮಾಡೋಕೆ ಹೋಗಬಾರದು. ಫ್ಲಾಸ್ಕು ಹಿಡಿದು ಬರೋದು ಶುರುವಾಗಿದ್ದು ಆಮೇಲೆ.”

ಮನೆಯಲ್ಲಾದರೂ ನೆಮ್ಮದಿ ಇದೆಯೇ ಎಂದು ಒಂದು ಸಂಜೆ ಹೋದೆ. ಗಂಡ ಕನ್ನಡಕದ ಗಾಜು ಅರೆಯುವವರು. ಮನೆಯ ಮುಂಗೋಣೆಯೇ ಅವರ ಅಂಗಡಿ. ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ದೂರು ಹೇಳಲು ಒಬ್ಬರು ಸಿಕ್ಕರಲ್ಲ ಎಂಬ ಖುಷಿಯಲ್ಲಿ ಕೂತರು. “ನಾನು ಬಾಯಿತಪ್ಪಿ ‘ಭಾನುವಾರ ಅಕ್ಕನ ಮನೆಗೆ ಹೋಗಬಹುದು’ ಅಂದೆ ಅನ್ನಿ, ಮುಗೀತು. ‘ಬಹುದೋ, ತಕ್ಕದ್ದೋ, ನೆಟ್ಟಗೆ ಹೇಳಿ’ ಅಂತಾಳೆ. ಮದುವೆ ಆದಾಗ ಹೀಗಿರಲಿಲ್ಲ ಸ್ವಾಮಿ.”

ಒಳಗಿನಿಂದ ಅತ್ತೆಯ ದನಿ ಬಂತು: “ಅವಳಿಗೆ ಮೇಲಿನ ಕೋಣೆ ವಾಪಸ್ ಕೊಡಿಸೋಕಾಗುತ್ತಾ ಕೇಳೋ. ನೆಲಮಾಳಿಗೇಲಿ ಕೂತು ಕೂತು ಕೆಮ್ಮು ಹಿಡ್ಕೊಂಡಿದೆ.” ಮೇಡಂ, “ಅತ್ತೆ, ಅವರು ಪತ್ರಿಕೆಯವರು, ಕುಲಪತಿ ಅಲ್ಲ,” ಎಂದರು. ಅತ್ತೆ ಕೇಳಿಸಿಕೊಂಡಂತೆ ಕಾಣಲಿಲ್ಲ.

ಪಾಚಿ ಹುಡುಗಿಯ ಗೈಡನ್ನೂ ಕಂಡೆ. ಒಬ್ಬರ ಮಾತು ಮಾತ್ರ ಕೇಳಿ ಬರೆಯುವುದು ನ್ಯಾಯವಲ್ಲ. ರಾಕ್ಷಸನನ್ನು ನಿರೀಕ್ಷಿಸಿ ಹೋದವನಿಗೆ ಸಿಕ್ಕವರು ನಗುಮುಖದ, ಮೃದು ಮಾತಿನ ಹಿರಿಯರು. ತಾವೇ ಎದ್ದು ಬಂದು ಕುರ್ಚಿ ಎಳೆದು ಕೊಟ್ಟರು. “ಅವಳು ನಮ್ಮ ಮನೆ ಮಗಳಿದ್ದ ಹಾಗೆ. ನಾನು ಬೇಡ ಅಂತೀನಾ ಹೇಳಿ? ಇಲ್ಲಿ ನಾವೆಲ್ಲ ಒಂದು ಕುಟುಂಬ. ಈ ಮೇಡಂ ಸುಮ್ನೆ ಮಧ್ಯೆ ಮೂಗು ತೂರಿಸಿ ಎಲ್ಲಾನೂ ಕಾಗದಕ್ಕೆ ಎಳೀತಾರೆ.”

“ಹಾಗಾದ್ರೆ ಒಪ್ಪಂದ ವಿಸ್ತರಿಸ್ತೀರಿ?”

“ಯಾಕೆ ವಿಸ್ತರಿಸಬಾರದು? ಖಂಡಿತ. ಆಗ ಪರಿಸ್ಥಿತಿ ಹೇಗಿರುತ್ತೆ ನೋಡ್ಕೊಂಡು.”

ನೆಲಮಾಳಿಗೆಗೆ ಇಳಿದು ಇದನ್ನು ಹೇಳಿದೆ. ಅಷ್ಟರಲ್ಲಿ ಮೋಟಾರು ಶುರುವಾಯಿತು. ಅದು ನಿಲ್ಲುವವರೆಗೂ ಮೇಡಂ ನನ್ನನ್ನೇ ದುರುಗುಟ್ಟಿ ನೋಡಿದರು, ನಾನೇ ಗೈಡೇನೋ ಎನ್ನುವ ಹಾಗೆ. “ಮನೆ ಮಗಳಾ? ಮನೆ ಮಗಳಿಗೆ ಯಾವತ್ತಾದ್ರೂ ರಜೆ ಇದ್ದದ್ದು ನೋಡಿದ್ದೀರಾ? ಕೇಳಿದ್ರೆ ‘ನಿಂಗೇನಾಗಿದೆ’ ಅಂತಾರೆ. ಜಗಳ ಆಡಿದ್ರೆ ‘ಮನೆ ಮಾತು ಬೀದಿಗೆ ತಂದ್ಲು’ ಅಂತಾರೆ. ಒಳ್ಳೆಯವರು ರೀ ಆ ಮನುಷ್ಯ, ಅದೇ ಕಷ್ಟ. ಕೆಟ್ಟವರಾಗಿದ್ರೆ ಇವಳೇ ಎದ್ದು ನಿಂತು ಕೇಳಿರೋಳು.”

ಸಭೆಯ ದಿನ. ಉದ್ದನೆಯ ಕಾರಿಡಾರಿನಲ್ಲಿ ಮುಚ್ಚಿದ ಬಾಗಿಲೆದುರು ಬೆಂಚಿನ ಮೇಲೆ ನಾವಿಬ್ಬರು. ಮೇಡಂಗೆ ಒಳಗೆ ಪ್ರವೇಶವಿಲ್ಲ. ಅವರು ಬರೆದದ್ದನ್ನು ಅವರ ಮೇಲಧಿಕಾರಿ ಓದುತ್ತಾರೆ. ಒಳಗಿನಿಂದ ಆಗಾಗ ನಗು ಕೇಳುತ್ತದೆ. ನಗು ಕೇಳಿದಾಗಲೆಲ್ಲ ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ನಡುವೆ ನನ್ನ ಕಡೆ ತಿರುಗಿ, “ಎಲೆಮರೆಯ ಕಾಯಿ ಗೀಯಿ ಅಂತೆಲ್ಲ ಬರೀಬೇಡಿ ಮತ್ತೆ. ನಾನು ಬೇಕಂತಲೇ ಮರೆಯಲ್ಲಿರೋದು. ಕಣ್ಣಿಗೆ ಬಿದ್ರೆ ಕಿತ್ತು ಬಿಸಾಕ್ತಾರೆ,” ಎನ್ನುತ್ತಾರೆ.

ಬಾಗಿಲು ತೆರೆಯುತ್ತದೆ. ಕುಲಸಚಿವರು, ಅಂದರೆ ಇಲ್ಲಿನ ಆಡಳಿತವನ್ನೆಲ್ಲ ನೋಡಿಕೊಳ್ಳುವವರು, ಕೈ ಚಾಚಿಕೊಂಡೇ ಬರುತ್ತಾರೆ. “ಆಯ್ತಲ್ಲ ಮೇಡಂ ನಿಮ್ಮ ತಕ್ಕದ್ದು! ಒಂದಕ್ಷರ ಬದಲಾಯಿಸಿಲ್ಲ. ಸಂತೋಷ ತಾನೇ?”

ಮೇಡಂ ಎದ್ದು ನಿಂತಿದ್ದಾರೆ. ನಾನಾಗಿದ್ದರೆ ಕುಣಿದಾಡುತ್ತಿದ್ದೆ. ಅವರು ಕೇಳುತ್ತಾರೆ, “ಯಾವಾಗಿಂದ ಸರ್?”

“ಎಲ್ಲಾ ಹೊಸ ನಿಯಮಗಳ ಹಾಗೇನೇ, ಮುಂದಿನ ಶೈಕ್ಷಣಿಕ ವರ್ಷದಿಂದ.”

“ಹಾಗಾದ್ರೆ ಆ ಮಗುಗೆ ಹೇಳ್ಲಾ ಸರ್, ಮುಂದಿನ ವರ್ಷ ಹುಟ್ಟು ಅಂತ?”

ಕುಲಸಚಿವರು ಜೋರಾಗಿ ನಗುತ್ತಾರೆ. ಒಳ್ಳೆಯ ಹಾಸ್ಯ ಎಂದುಕೊಂಡರು ಪುಣ್ಯಾತ್ಮರು! ಮೇಡಂ ಬೆನ್ನು ತಟ್ಟಿ, ಮಂಡಳಿಯವರು ಬಂದಾಗ ಈ ಸಾಲನ್ನು ದೊಡ್ಡಕ್ಷರದಲ್ಲಿ ತೋರಿಸೋಣ ಎಂದು ಹೇಳಿ ಊಟಕ್ಕೆ ನಡೆಯುತ್ತಾರೆ. ಇಷ್ಟು ವರ್ಷ ಗುದ್ದಾಡಿ ಪಡೆದ ಒಂದು ಪದ, ಯಾರಿಗಾಗಿ ಪಡೆದರೋ ಅವಳೊಬ್ಬಳನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಅನ್ವಯ. ನನಗೆ ಅಲ್ಲೇ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಮೇಡಂ ತಲೆ ಚಚ್ಚಿಕೊಳ್ಳಲಿಲ್ಲ. ಅಲ್ಲಿಯವರೆಗೆ ಹಳೆಯ ನಿಯಮವೇ, ಅಂದರೆ ಗೈಡಿನ ಒಪ್ಪಿಗೆಯೇ ಗತಿ. ಸರಸರನೆ ಮೆಟ್ಟಿಲಿಳಿದು, ಅಂಗಳ ದಾಟಿ, ಗೈಡಿನ ಕೋಣೆಯ ಬಾಗಿಲು ತಟ್ಟಿದರು. ನಾನು ಏದುಸಿರು ಬಿಡುತ್ತ ಹೊಸ್ತಿಲಲ್ಲಿ ನಿಂತೆ. ಗೈಡ್ ನಗುತ್ತಲೇ ಎದ್ದರು.

“ಸರ್, ನಿಮ್ಮ ಸಂಶೋಧಕಿಯ ಒಪ್ಪಂದ ಖಂಡಿತ ವಿಸ್ತರಿಸ್ತೀನಿ ಅಂದ್ರಂತೆ. ಬರೆದುಕೊಡಿ.”

“ಅಯ್ಯೋ, ಅದಕ್ಕೇನವಸರ ಮೇಡಂ? ನಾನು ಮಾತು ಕೊಟ್ಟಿಲ್ವಾ?”

“ಕೊಟ್ಟಿದ್ದೀರಿ. ಬರೆದುಕೊಡಿ.”

“ಅಂದ್ರೆ, ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ?”

“ಇಲ್ಲ ಸರ್.”

ಒಬ್ಬರ ಮುಖಕ್ಕೆ ಹೀಗೆ ಹೇಳುವುದನ್ನು ನಾನು ಕೇಳಿದ್ದು ಕಡಿಮೆ. ಮುಂದೆ ಸಮಜಾಯಿಷಿ ಬರುತ್ತದೆ, ತಪ್ಪು ತಿಳೀಬೇಡಿ ಎನ್ನುತ್ತಾರೆ ಎಂದು ಕಾದೆ. ಮೇಡಂ ಮೇಜಿನ ಮೇಲಿದ್ದ ಪೆನ್ನನ್ನು ಅವರ ಮುಂದಕ್ಕೆ ಸರಿಸಿದರು. ಗೈಡಿನ ಮುಖ ಕೆಂಪೇರಿತು. “ಇಷ್ಟು ವರ್ಷ ಪ್ರೀತಿಯಿಂದ ನೋಡ್ಕೊಂಡಿದ್ದಕ್ಕೆ ಇದಾ ಬೆಲೆ?” ಎಂದರು. ಅವರಿಗೆ ನಿಜಕ್ಕೂ ನೋವಾಗಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ.

“ಪ್ರೀತಿ ನಿಮ್ಮ ಹತ್ರಾನೇ ಇರ್ಲಿ ಸರ್. ಸಹಿ ಕೊಡಿ.”

ಹೊಸ್ತಿಲಲ್ಲಿ ಪತ್ರಿಕೆಯವನೊಬ್ಬ ನಿಂತಿದ್ದು ನೆರವಿಗೆ ಬಂತೋ, ಮಂಡಳಿಯವರು ಬರುವ ದಿನ ಹತ್ತಿರವಿದ್ದದ್ದು ಬಂತೋ, ನಾನರಿಯೆ. ಅವರು ಕೂತು ಬರೆದರು. ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿ ಸಹಿ ಮಾಡಿದರು. ಮೇಡಂ ಅದನ್ನು ನಿಂತಲ್ಲೇ ಓದಿದರು. ‘ವಿಸ್ತರಿಸಬಹುದು’ ಎಂದಿತ್ತು! ವಾಪಸ್ ಕೊಟ್ಟರು. ಗೈಡ್ ಹಲ್ಲು ಕಚ್ಚಿ ಹೊಡೆದು ಹಾಕಿ ‘ವಿಸ್ತರಿಸಿದ್ದೇನೆ’ ಎಂದು ತಿದ್ದಿದರು.

ಇಷ್ಟಕ್ಕೆ ಈ ಲೇಖನ ಮುಗಿಸಿದ್ದರೆ ಎಲ್ಲರಿಗೂ ಸುಖವಾಗುತ್ತಿತ್ತು. ಆದರೆ ಮರುದಿನ ಬೆಳಗಿನ ಜಾವ ನಾನು ಮತ್ತೆ ಹೋದೆ, ಸಿಹಿಸುದ್ದಿ ಕೇಳಿದ ಮುಖ ನೋಡಬೇಕೆಂಬ ಆಸೆಯಿಂದ. ಮುಖ ಊದಿಕೊಂಡಿತ್ತು. ಪಾಚಿ ಹುಡುಗಿ ಅತ್ತೂ ಅತ್ತೂ ಕಣ್ಣು ಕೆಂಪು ಮಾಡಿಕೊಂಡಿದ್ದಳು. ಮೇಡಂ ಬಾಗಿಲಲ್ಲೇ ನಿಂತರು.

“ಏನಾಯ್ತು? ವಾಪಸ್ ತಗೊಂಡ್ರಾ?”

“ಇಲ್ಲ ಮೇಡಂ. ಸಂಜೆ ಸರ್ ಬಂದಿದ್ರು. ಯಾವಾಗ್ಲೂ ಬಂದ ಕೂಡ್ಲೆ ‘ಊಟ ಆಯ್ತೇನಮ್ಮ’ ಅನ್ನೋರು. ನಿನ್ನೆ ಅಲ್ಲಿ, ಅಷ್ಟು ದೂರ ನಿಂತ್ರು. ‘ನಿಮ್ಮ ರಜೆ ಯಾವತ್ತಿಂದ ಅಂತ ಮೊದಲೇ ತಿಳಿಸಿ. ನಿಮ್ಮ ಟ್ಯಾಂಕುಗಳಿಗೆ ಒಬ್ಬರನ್ನ ನೇಮಿಸ್ಬೇಕು’ ಅಂದ್ರು.” ಅವಳು ಮತ್ತೆ ಬಿಕ್ಕಿದಳು. “‘ನೀವು’ ಅಂದ್ರು ಮೇಡಂ. ಇಷ್ಟು ವರ್ಷದಲ್ಲಿ ಒಂದು ದಿನಾನೂ ಸರ್ ನನ್ನ ‘ನೀವು’ ಅಂದಿರಲಿಲ್ಲ. ಯಾರೋ ಹೊರಗಿನೋಳಿಗೆ ಹೇಳೋ ಹಾಗೆ ಹೇಳಿಬಿಟ್ರು.”

ಏನಾದರೂ ಸಮಾಧಾನ ಹೇಳಿ ಎಂಬಂತೆ ಮೇಡಂ ಕಡೆ ನೋಡಿದೆ. ಅವರು ಅವಳ ಪಕ್ಕ ಹೋಗಿ ನಿಂತು, ಹೆಗಲ ಮೇಲೆ ಕೈಯಿಟ್ಟರು. ಈ ಇಷ್ಟೂ ದಿನಗಳಲ್ಲಿ ಆ ಮುಖ ಅರಳಿದ್ದನ್ನು ನಾನು ಮೊದಲ ಸಲ ನೋಡಿದೆ.

“ಅಂತೂ ‘ನೀವು’ ಅಂದ್ರಲ್ಲ!” ಎಂದರು. “ಅಳ್ಬೇಡಿ ರೀ. ನಾನು ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದು ಇನ್ಯಾಕೆ ಅಂದ್ಕೊಂಡ್ರಿ?”